ಹಿಮಕ್ಕೆಂದು ತಂದ ಟೈರುಗಳು

ಸೊಲ್ಲಾಪುರದ ಡಾಕ್ಟರು ನನ್ನ ಗಂಡನ ರೋಗದ ಹೆಸರು ಹೇಳಿದ ದಿನ, ಮನೆಗೆ ಬಂದು ಅವನು ಮೊದಲು ಆಡಿದ್ದು ಟೈರಿನ ಮಾತು. ನೀರು ಕೇಳಲಿಲ್ಲ, ಬಾಗಿಲಲ್ಲಿ ನಿಂತ ಅವ್ವನ ಮುಖ ನೋಡಲಿಲ್ಲ. ಅಂಗಳದಲ್ಲಿದ್ದ ಜೀಪಿಗೆ ಒಂದು ಸುತ್ತು ಹಾಕಿ, ಬಲಗಾಲನ್ನು ತುಸು ಎಳೆಯುತ್ತ ಬಂದು ಕಟ್ಟೆಯ ಮೇಲೆ ಕೂತ. ‘ಸೋನಾಲಿ, ಈ ಟೈರ ಬರ್ಫದಾಗ ನಡಿಯಂಗಿಲ್ಲ. ಬ್ಯಾರೆ ನೋಡಬೇಕು’ ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗು ಬಾಯಲ್ಲಿ ಕಚ್ಚಿಕೊಂಡು ಕೂತು ಬಂದವಳು ನಾನು. ಇವನಿಗೆ ಟೈರಿನ ಚಿಂತೆ. ಅದೂ ಬಿಸಿಲೂರಾದ ನಮ್ಮ ಮೈಂದರ್ಗಿಯಲ್ಲಿ ಕೂತು ಹಿಮದ ಟೈರಿನ ಚಿಂತೆ.

ಮಂದಿಯೆದುರು ನಾನು ಅವನ ಹೆಸರು ಹಿಡಿಯುವುದಿಲ್ಲ, ‘ಇವರು’ ಅನ್ನುತ್ತೇನೆ. ಇಲ್ಲಿ ಅಮೋಲ ಅಂತಲೇ ಹೇಳುತ್ತೇನೆ, ಏಕವಚನದಲ್ಲೇ ಹೇಳುತ್ತೇನೆ. ನನಗೆ ಅವನ ಮೇಲೆ ಸಿಟ್ಟಿದೆ. ಅವನ ರೋಗದ ಮೇಲಿದೆ, ನಮ್ಮತ್ತೆಯ ಮೇಲಿದೆ, ಆ ನಾಲ್ಕು ಟೈರುಗಳ ಮೇಲಂತೂ ಇದ್ದೇ ಇದೆ. ಈ ಸಿಟ್ಟು ಇಳಿದರೆ ಕೆಳಗೆ ಏನಿದೆಯೋ ನೋಡುವ ಧೈರ್ಯ ನನಗಿಲ್ಲ. ಅದಕ್ಕೇ ಇಳಿಯಗೊಟ್ಟಿಲ್ಲ.

ರೋಗದ ಹೆಸರು ಉದ್ದ. ಅರ್ಥ ಗಿಡ್ಡ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವಂತೆ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಆಮೇಲೆ ಕೈ, ನಾಲಿಗೆ, ಕಡೆಗೆ ಉಸಿರು. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದು ಡಾಕ್ಟರು ಸಮಾಧಾನ ಹೇಳುವವರಂತೆ ಹೇಳಿದರು. ಔಷಧ ಇಲ್ಲವೇ ಅಂತ ನಾನು ಕೇಳಿದೆ. ಅಮೋಲ ಕೇಳಿದ್ದೇ ಬೇರೆ. ಗಾಡಿ ಎಂದಿನವರೆಗೆ ಹೊಡೆಯಬಹುದು ಅಂತ ಕೇಳಿದ. ಬಲಗಾಲಿನ ಭರವಸೆ ಬೇಡ, ಎಡಗಾಲು ಬರುವ ಚಳಿಗಾಲ ದಾಟಿಸೀತು ಅಂದರು ಡಾಕ್ಟರು. ಅಷ್ಟು ಸಾಕಾಯಿತು ಅವನಿಗೆ. ಚಳಿಗಾಲ ಅನ್ನುವ ಒಂದು ಶಬ್ದವನ್ನು ಕಿಸೆಯಲ್ಲಿ ಹಾಕಿಕೊಂಡು ಎದ್ದು ಬಂದ.

ಈ ಹಿಮದ ಹುಚ್ಚು ಎಲ್ಲಿಂದ ಬಂತೆಂದು ಹೇಳಬೇಕು. ನಮ್ಮ ಕಡೆಯದು ಯರಿ ಭೂಮಿ. ಮಳೆ ಬಿತ್ತೆಂದರೆ ಆ ಕರಿ ಮಣ್ಣು ಎತ್ತಿನ ಗೊರಸು ಬಿಡುವುದಿಲ್ಲ, ಮನುಷ್ಯನ ಚಪ್ಪಲಿ ಬಿಡುವುದಿಲ್ಲ. ಕಬ್ಬಿನ ಟ್ರ್ಯಾಲಿ ಸಿಕ್ಕಿಬಿದ್ದರೆ ಅಲ್ಲೇ ದೇವರ ಹೆಸರು ಹೇಳುತ್ತ ನಿಲ್ಲಬೇಕು, ಇಲ್ಲವೇ ಅಮೋಲನಿಗೆ ಫೋನು ಮಾಡಬೇಕು. ಸಿಕ್ಕ ಗಾಡಿ ಎಳೆಯಲು ಚಪಳಗಾಂವದ ತನಕ ಅವನನ್ನು ಕರೆಯುತ್ತಿದ್ದರು. ಅದಕ್ಕೆಂದೇ ಅವನು ಜೀಪನ್ನು ಎತ್ತರ ಮಾಡಿಸಿದ್ದು. ಅಕ್ಕಲಕೋಟದ ಪುಢಾರಿಗಳ ಮಕ್ಕಳೂ ಜೀಪು ಎತ್ತರ ಮಾಡಿಸುತ್ತಾರೆ, ಝಂಡಾ ಕಟ್ಟಿಕೊಂಡು ಮೆರೆಯಲಿಕ್ಕೆ. ಇವನದು ಕೆಸರಿನ ಕೆಲಸ. ಅಕ್ಕಲಕೋಟದಲ್ಲಿ ಗ್ಯಾರೇಜು ಇಟ್ಟಿರುವ ಗೆಳೆಯ ಮೈಲಾರಲಿಂಗ ಸ್ಪ್ರಿಂಗು ಬದಲಿಸಿ ಏರಿಸಿಕೊಟ್ಟ. ಹೊಲದ ಬದುವಿಗೆ ತಾಗುತ್ತದೆಂದು ಕಾಲಿಟ್ಟು ಹತ್ತುವ ಬದಿಯ ಪಾವಟಿಗೆಯನ್ನೂ ತೆಗೆಸಿದ್ದರು. ನಾನು ಹತ್ತುವಾಗಲೆಲ್ಲ ಸೀರೆ ಎತ್ತಿ ಹಿಡಿದು ಬೈಯುತ್ತಿದ್ದೆ. ಅವನು ನಗುತ್ತಿದ್ದ.

ಒಂದು ವರ್ಷ ಮೈಲಾರಲಿಂಗನ ಗ್ಯಾರೇಜಿಗೆ ಹಿಮಾಚಲದಿಂದ ಸೇಬು ತಂದ ಲಾರಿಯೊಂದು ಕೆಟ್ಟು ಬಂತು. ಅದರ ಡ್ರೈವರನೆದುರು ಅಮೋಲ ತನ್ನ ಕೆಸರಿನ ಪರಾಕ್ರಮ ಹೇಳಿಕೊಂಡ. ಆ ಮನುಷ್ಯ ಚಹಾ ಕುಡಿದು ಮುಗಿಸಿ, ನಿಮ್ಮ ಮಣ್ಣು ಗಾಡಿಯನ್ನು ಹಿಡಿಯುತ್ತದೆ, ನಮ್ಮ ಹಿಮ ಬಿಟ್ಟುಬಿಡುತ್ತದೆ, ಬಿಟ್ಟಾಗ ನಿಲ್ಲಿಸಿ ತೋರಿಸು ಅಂದನಂತೆ. ಅಷ್ಟೇ. ಇವನ ತಲೆಯಲ್ಲಿ ಅದು ಕೂತುಬಿಟ್ಟಿತು. ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕು, ಹಿಮದ ಮೇಲೆ ಒಮ್ಮೆ ತಾನೇ ಸ್ಟೀರಿಂಗ್ ಹಿಡಿಯಬೇಕು. ಪ್ರತಿ ವರ್ಷ ಈ ಮಾತು. ಪ್ರತಿ ವರ್ಷ ಕಬ್ಬಿನ ಸೀಜನ್ನು ಅಡ್ಡ ಬಂತು, ನಾದಿನಿಯ ಮದುವೆ ಬಂತು, ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಟಾವೆಲ್ ಕಾರ್ಖಾನೆಯಲ್ಲಿ ನನಗೆ ರಜೆ ಸಿಗಲಿಲ್ಲ. ಈಗ ರೋಗವೇ ಬಂದು, ಹೋಗುವುದಾದರೆ ಈ ಸಲ, ಇಲ್ಲದಿದ್ದರೆ ಎಂದೂ ಇಲ್ಲ ಅಂತ ಹೇಳಿತು.

ನಾನು ಸುಮ್ಮನೆ ಒಪ್ಪಲಿಲ್ಲ. ಪುಣೆಗೆ ಎಳೆದುಕೊಂಡು ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆ. ಅವರೂ ಅದನ್ನೇ ಹೇಳಿದರು, ಇಂಗ್ಲಿಷು ಮಾತ್ರ ಇನ್ನೂ ಚೆನ್ನಾಗಿತ್ತು. ತಿರುಗಿ ಬರುವಾಗ ರೈಲಿನಲ್ಲಿ ಅಮೋಲ ಫೋನಿನಲ್ಲಿ ಟೈರಿನ ವಿಡಿಯೋ ನೋಡುತ್ತ ಕೂತ. ನನ್ನ ಸಹನೆ ಮುಗಿಯಿತು. ಜೀವಕ್ಕಿಂತ ಟೈರು ಹೆಚ್ಚಾಯಿತೇ ಅಂತ ನಾಲ್ಕು ಮಂದಿ ತಿರುಗಿ ನೋಡುವ ಹಾಗೆ ಕೇಳಿದೆ.

‘ಜೀವದ್ದು ನನ್ನ ಕೈಯಾಗಿಲ್ಲ ಸೋನಾಲಿ. ಟೈರ ಆರಿಸೂದು ಅದ’ ಅಂದ.

ಅಂದಿನಿಂದ ನಾನು ಆ ಮಾತಿಗೆ ಅಡ್ಡ ಬರಲಿಲ್ಲ. ಅಡ್ಡ ಬರುವುದಿರಲಿ, ಹಿಮದ ಮೇಲೆ ಅವನನ್ನು ಒಮ್ಮೆ ಕೂರಿಸಿಯೇ ತೀರಬೇಕು ಅನ್ನುವ ಹಟ ನನಗೂ ಹತ್ತಿತು. ಬೇರೆ ಯಾವುದೂ ನಮ್ಮ ಕೈಯಲ್ಲಿರಲಿಲ್ಲ. ನಮಗೆ ಮಕ್ಕಳಿಲ್ಲ. ಅದೊಂದು ಬೇರೆ ಕತೆ.

ಸುದ್ದಿ ತಿಳಿದು ನೆಂಟರು ಬಂದರು. ಯಾರದೋ ಊರಿನ ಗಿಡಮೂಲಿಕೆ, ಯಾವುದೋ ದರ್ಗಾದ ತಾಯಿತ, ಯಾರದೋ ಕಾಕಾನಿಗೆ ಇದೇ ರೋಗ ಬಂದು ಹಸುವಿನ ತುಪ್ಪದಿಂದ ವಾಸಿಯಾಗಿದ್ದು. ಎಲ್ಲರೂ ಚಹಾ ಕುಡಿದು ಮೂಗಿಗೆ ತುಪ್ಪ ಸವರಿ ಹೋದರು. ಅಮೋಲ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಅವರು ಅತ್ತ ಹೋದ ಕೂಡಲೇ ಇತ್ತ ಫೋನು ತೆಗೆಯುತ್ತಿದ್ದ.

ನಮ್ಮ ಮಾವ ಶಾಂತಲಿಂಗಪ್ಪನವರು ಮಗನ ರೋಗದ ಬಗ್ಗೆ ಬಾಯಿ ಬಿಟ್ಟವರಲ್ಲ. ಬಿಟ್ಟರೆ ಅಳು ಬರುತ್ತದೆಂಬ ಹೆದರಿಕೆ ಇರಬೇಕು. ಟೈರಿನ ಬಗ್ಗೆ ಮಾತ್ರ ತಾಸುಗಟ್ಟಲೆ ವಾದ ಮಾಡಿದರು. ಮೈಮೇಲೆ ಗುಂಡಿಯಂತೆ ಉಬ್ಬಿದ ದೊಡ್ಡ ದೊಡ್ಡ ಗುಬ್ಬಿಗಳಿರುವ, ಕೆಸರಿಗೆಂದೇ ಮಾಡಿದ ಟೈರನ್ನು ನಮ್ಮಲ್ಲಿ ಬಟನ್ ಟೈರು ಅನ್ನುತ್ತಾರೆ. ಅದನ್ನೇ ಹಾಕಿಸು ಅಂತ ಅವರ ಹಟ. ‘ಯರಿ ಮಣ್ಣಿಗೆ ಅಂಜಲಾರದ ಟೈರ ಬರ್ಫಕ್ಕ ಅಂಜತದೇನು?’ ಅಂದರು. ಮೈಂದರ್ಗಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಯರಿ ಮಣ್ಣನ್ನು ಗೆದ್ದವನಿಗೆ ಜಗತ್ತಿನಲ್ಲಿ ಗೆಲ್ಲಲು ಏನೂ ಉಳಿದಿಲ್ಲ ಅನ್ನುವುದು ನಮ್ಮವರ ನಂಬಿಕೆ.

ಅಮೋಲ ಅಪ್ಪನಿಗೆ ಸಮಾಧಾನದಿಂದ ತಿಳಿಸಿ ಹೇಳಿದ. ಕೆಸರನ್ನು ಟೈರು ಉಗುಳಬೇಕು, ಹಿಮವನ್ನು ಹಿಡಿದುಕೊಳ್ಳಬೇಕು. ಹಿಮಕ್ಕೆ ಹಿಮವೇ ಅಂಟುತ್ತದೆ. ಬಟನ್ ಟೈರಿನ ಗುಬ್ಬಿಗಳು ಚಳಿಗೆ ಕಲ್ಲಿನಂತಾಗುತ್ತವೆ, ನೆಲವನ್ನು ಅಪ್ಪುವುದಿಲ್ಲ, ಜಾರುತ್ತವೆ. ಬೇಕಾದದ್ದು ಎಲ್ಲ ಬಗೆಯ ನೆಲಕ್ಕೂ ಆಗುವ ಆಲ್-ಟೆರೇನ್ ಟೈರು, ಅದರಲ್ಲೂ ಮೆತ್ತನೆಯ ರಬ್ಬರಿನದು, ಮೈಮೇಲೆ ಕೂದಲೆಳೆಯಂಥ ಸಣ್ಣ ಸೀಳುಗಳಿರುವುದು, ಬದಿಯಲ್ಲಿ ಬೆಟ್ಟದ ಚಿತ್ರದೊಳಗೆ ಹಿಮದ ಹೂವಿನ ಗುರುತಿರುವುದು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮತ್ತೆ ಕಲ್ಯಾಣಮ್ಮ ಅಲ್ಲಿಂದಲೇ, ಕೈಗೆ ಹಿಟ್ಟು ಹಚ್ಚಿಕೊಂಡರೆ ಹಿಟ್ಟಿಗೆ ಹಿಟ್ಟು ಕೂಡುತ್ತದಲ್ಲ, ಹಾಗೆ ಅಂತ ಗಂಡನಿಗೆ ಹೇಳಿದರು. ಅಮೋಲ ಎಷ್ಟೋ ದಿನಗಳ ಮೇಲೆ ನಕ್ಕ. ಅತ್ತೆ ಆ ನಗುವಿಗಾಗಿ ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕಿದರು.

ಆಮೇಲೆ ನನಗೂ ಟೈರಿನ ಹುಚ್ಚು ಹಿಡಿಯಿತು. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಫೋನು ತೆಗೆದು ಅದನ್ನೇ ನೋಡುತ್ತಿದ್ದೆ. ಆ ಸೀಳುಗಳು ಯಾಕೆ ಬೇಕೆಂದು ನನಗೆ ಹೊಳೆದದ್ದು ಟಾವೆಲ್ಲಿನಿಂದ. ಟಾವೆಲ್ಲಿನ ಸಣ್ಣ ಕುಣಿಕೆಗಳು ಹೇಗೆ ನೀರು ಕುಡಿಯುತ್ತವೋ, ಮಂಜುಗಡ್ಡೆಯ ಮೇಲಿನ ತೆಳು ನೀರನ್ನು ಈ ಸೀಳುಗಳು ಹಾಗೆ ಕುಡಿಯುತ್ತವೆ. ಸಂಜೆ ಬಂದು ಹೇಳಿದಾಗ ಅಮೋಲ ನನ್ನನ್ನು ಹೊಸದಾಗಿ ನೋಡುವಂತೆ ನೋಡಿದ. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರೂ ಒಂದೇ ವಿಷಯದ ಮೇಲೆ ಮಾತಾಡುತ್ತ ತಾಟಿನ ಊಟ ತಣ್ಣಗಾಗಿಸಿಕೊಂಡದ್ದು ಅದೇ ಮೊದಲು. ಹೇಳಿದರೆ ನಾಚಿಕೆಯ ಮಾತು, ಆ ಮಳೆಗಾಲದಲ್ಲಿ ನಾನು ಸುಖವಾಗಿದ್ದೆ.

ಶ್ರಾವಣ ಕಳೆಯುವ ಹೊತ್ತಿಗೆ ಅವನ ಬಲಪಾದ ತಾನಾಗಿ ಏಳುವುದು ನಿಂತಿತು. ನಡೆಯುವಾಗ ಚಪ್ಪಲಿ ಉಳಿದು ಕಾಲಷ್ಟೇ ಮುಂದೆ ಬರುತ್ತಿತ್ತು. ಚಪ್ಪಲಿಗೆ ಹಿಂದಿನಿಂದ ಲಾಡಿ ಕಟ್ಟಿಕೊಂಡ. ಎಡಗಾಲು ಗಟ್ಟಿಯಿತ್ತು. ಕ್ಲಚ್ಚು, ಬ್ರೇಕು, ಎಕ್ಸಲೇಟರು ಮೂರನ್ನೂ ಎಡಗಾಲಿನಲ್ಲೇ ಒತ್ತುತ್ತ, ಸಣ್ಣ ಗೇರಿನಲ್ಲಿ ಎತ್ತಿನ ಬಂಡಿಯ ವೇಗದಲ್ಲಿ ಜೀಪು ಹೊಡೆಯುವುದನ್ನು ನಮ್ಮ ಹೊಲದಲ್ಲೇ ರೂಢಿ ಮಾಡಿಕೊಂಡ. ಹಿಮದ ಮೇಲೆ ಹೇಗೂ ಅಷ್ಟೇ ವೇಗ ಅಂದ. ಸ್ಪಿತಿಯವರೆಗಿನ ದಾರಿಯನ್ನು ಮೈಲಾರಲಿಂಗ ಹೊಡೆಯಬೇಕು, ಹಿಮ ಬಂದಲ್ಲಿ ಇವನು ಮುಂದೆ ಕೂರಬೇಕು. ಹೀಗೆ ಠರಾವಾಯಿತು. ಆ ಎಡಗಾಲೊಂದು ಇರಲಿ ಅಂತ ನಾನು ಅಕ್ಕಲಕೋಟದ ಸ್ವಾಮಿಗಳಿಗೆ ಹರಕೆ ಹೊತ್ತೆ. ಎರಡೂ ಕಾಲು ಕೇಳಲಿಕ್ಕೆ ಬಾಯಿ ಬರಲಿಲ್ಲ.

ಟೈರು ನೋಡಲು ಒಂದು ರವಿವಾರ ಮೂವರೂ ಸೊಲ್ಲಾಪುರಕ್ಕೆ ಹೋದೆವು. ಅಂಗಡಿಯ ಬಸಣ್ಣ ಮೈಲಾರಲಿಂಗನ ಪರಿಚಯದವನು, ಬಾಯಿಬಡುಕ. ಹಿಮದ ಟೈರು ಅಂದ ಕೂಡಲೇ, ‘ಸೊಲ್ಲಾಪುರದಾಗ ಬರ್ಫ ಅಂದ್ರ ತಿನ್ನೂ ಐಸ್‌ಗೋಳಾದ್ದಷ್ಟ ನೋಡ್ರಿ’ ಅಂತ ನಕ್ಕ. ಅಮೋಲ ಅದನ್ನು ಕಿವಿಗೆ ಹಾಕಿಕೊಳ್ಳದೆ ಟೈರಿನಿಂದ ಟೈರಿಗೆ ಹೋದ. ಹೆಬ್ಬೆರಳಿನ ಉಗುರು ಒತ್ತಿ ರಬ್ಬರು ಎಷ್ಟು ಮೆತ್ತಗಿದೆ ನೋಡಿದ. ಒಂದರ ಬದಿಯ ಗುರುತು ನೋಡಲು ಕುಕ್ಕರಗಾಲಿನಲ್ಲಿ ಕೂತ, ಕೂತವನಿಗೆ ಏಳಲಾಗಲಿಲ್ಲ. ಟೈರುಗಳ ಅಟ್ಟಿ ಹಿಡಿದು, ಒಂದೊಂದೇ ಕೈಯನ್ನು ಮೇಲಿನ ಟೈರಿಗೆ ಊರುತ್ತ ಎದ್ದುನಿಂತ. ಬಸಣ್ಣನ ನಗು ಅಲ್ಲಿಗೇ ನಿಂತಿತು. ಕುರ್ಚಿ ತರಿಸಿದ. ಅಮೋಲ ಕೂರಲಿಲ್ಲ.

ಅಂಥ ಟೈರು ಪುಣೆಯಿಂದ ತರಿಸಬೇಕು, ತರಿಸಿದರೂ ಹೊರಡುವ ಮುಂಚೆ ಮಾತ್ರ ಹಾಕಬೇಕು, ನಮ್ಮ ಬಿಸಿಲಿನ ಡಾಂಬರಿಗೆ ಆ ಮೆತ್ತನೆಯ ರಬ್ಬರು ಹಾಗೇ ತೇಯ್ದುಹೋಗುತ್ತದೆ ಅಂತ ಬಸಣ್ಣ ಹೇಳಿದ. ಅಮೋಲನಿಗೆ ಗೊತ್ತಿದ್ದ ಮಾತೇ. ಉಳಿದದ್ದು ಅಳತೆಯ ಪ್ರಶ್ನೆ. ಈಗಿನ ಅಳತೆಯದೇ ಹಾಕುವುದೋ, ಅಗಲ ಕಡಿಮೆ ಇದ್ದು ತುಸು ಎತ್ತರ ಇರುವುದೋ? ಅಗಲ ಟೈರು ಹಿಮದ ಮೇಲೆ ತೇಲುತ್ತದೆ, ಸಪೂರ ಟೈರು ಹಿಮ ಸೀಳಿ ನೆಲ ಮುಟ್ಟುತ್ತದೆ, ಎತ್ತರವಿದ್ದರೆ ಗಾಡಿಯ ಹೊಟ್ಟೆ ಹಿಮಕ್ಕೆ ತಾಗುವುದಿಲ್ಲ. ಅಮೋಲ ಎರಡನೆಯದೇ ಬೇಕೆಂದ.

ಹಾಗಾದರೆ ಜೀಪು ಇನ್ನೂ ಎತ್ತರ ಆಗುವುದಿಲ್ಲವೇ ಅಂತ ನಾನು ಕೇಳಿದೆ.

‘ಒಂದ ಇಂಚ ಆಗತದ. ಒಂದ ಇಂಚ ಏನ್ ಮಹಾ’ ಅಂದ.

ಬಸಣ್ಣ ರಿಮ್ಮು ಅಳೆದ. ಮೈಲಾರಲಿಂಗ ಮಡ್‌ಗಾರ್ಡಿನೊಳಗೆ ಕೈ ಹಾಕಿ ಜಾಗ ಅಳೆದ. ಎಲ್ಲ ಬರೋಬರಿ ಇತ್ತು. ಅಮೋಲನ ಕಾಲು ಎಷ್ಟು ಏಳುತ್ತದೆಂದು ಯಾರೂ ಅಳೆಯಲಿಲ್ಲ.

ಟೈರು ಬರುವುದಕ್ಕೆ ತಡವಾಯಿತು. ಬರುವ ತನಕ ಅಮೋಲ ಬೆಳಿಗ್ಗೆ ಸಂಜೆ ಮನೆ ಮುಂದಿನ ಕಟ್ಟೆ ಹತ್ತಿ ಇಳಿಯುತ್ತಿದ್ದ. ಗೋಡೆ ಹಿಡಿದು, ಎಡಗಾಲು ಮೇಲಿಟ್ಟು, ಮೈಯನ್ನು ಎಳೆದುಕೊಂಡು ಹತ್ತುವುದು, ಮತ್ತೆ ಇಳಿಯುವುದು. ಡಾಕ್ಟರು ಹೇಳಿದ ವ್ಯಾಯಾಮ ಇರಬೇಕು ಅಂದುಕೊಂಡೆ. ಆ ಕಟ್ಟೆ ಸರಿಯಾಗಿ ಜೀಪಿನೊಳಗೆ ಕಾಲಿಡುವ ಎತ್ತರಕ್ಕಿದೆ ಎಂದು ಹೇಳಿದವನು ಮೈಲಾರಲಿಂಗ. ಒಂದು ದಿನ ಕಟ್ಟೆಯ ಮೇಲೆ ಹಳೆಯ ಹಲಗೆಯೊಂದನ್ನು ಇಟ್ಟುಕೊಂಡು ಹತ್ತುತ್ತಿದ್ದ. ಹೊಸ ಟೈರಿನ ಲೆಕ್ಕ. ಹತ್ತಿದ, ಹತ್ತಿ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಎಡಗಾಲಿನಲ್ಲಿ ಹತ್ತಿದ. ನಾನು ಕಣ್ಣಾರೆ ನೋಡಿದ್ದೇನೆ.

ದೀಪಾವಳಿ ಕಳೆದ ಮೇಲೆ ಟೈರುಗಳು ಬಂದವು. ನಾನು ಕಾರ್ಖಾನೆಗೆ ರಜೆ ಹಾಕಿದ್ದೆ, ಉಲ್ಲನ್ನಿನ ಟೊಪ್ಪಿಗೆಗಳು ಬಂದಿದ್ದವು, ದಾರಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ನನ್ನ ಸಂಭ್ರಮ. ಮೈಲಾರಲಿಂಗ ಗ್ಯಾರೇಜಿನಲ್ಲಿ ಟೈರು ಹಾಕಿ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಹೊಸ ರಬ್ಬರಿನ ವಾಸನೆ ಓಣಿಯ ತುಂಬ ಹರಡಿತು. ಅಮೋಲ ಒಂದೊಂದು ಟೈರಿನ ಹತ್ತಿರವೂ ನಿಂತು ಆ ಸೀಳುಗಳೊಳಗೆ ಬೆರಳು ಆಡಿಸಿದ. ಹೊಲಕ್ಕೆ ಹೋಗಿ ಬೆಳೆ ಮುಟ್ಟಿ ನೋಡುವವರ ಹಾಗೆ ಮುಟ್ಟಿದ.

ಮರುದಿನ ಹೊರಡುವುದಿತ್ತು. ಅದಕ್ಕೆ ಮುಂಚೆ ಪೂಜೆಯಾಗಬೇಕು, ಸ್ವಾಮಿಗಳ ಗುಡಿಗೆ ಒಮ್ಮೆ ಹೋಗಿ ಬರಬೇಕು. ನಮ್ಮಲ್ಲಿ ಗಾಡಿಗೆ ಹೊಸದೇನು ಬಂದರೂ ಹೀಗೆ ನಡೆಯುತ್ತದೆ. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಒಂದೊಂದು ಗಾಲಿಯ ಮುಂದೆ ಒಂದೊಂದು ನಿಂಬೆಹಣ್ಣು ಇಡುತ್ತಾರೆ. ಗಾಡಿಯ ಮೇಲಿನ ಕೆಟ್ಟ ದೃಷ್ಟಿಯೆಲ್ಲ ಆ ನಿಂಬೆಹಣ್ಣಿಗೆ ಇಳಿಯುತ್ತದಂತೆ. ಗಾಡಿ ಯಾರದೋ ಅವನೇ ಬಲಗಾಲಿಟ್ಟು ಹತ್ತಿ, ಅದರ ಮೇಲೆ ಗಾಲಿ ಹಾಯಿಸಬೇಕು. ಒಮ್ಮೆ ಇಟ್ಟ ನಿಂಬೆಹಣ್ಣನ್ನು ಕೈಯಿಂದ ಎತ್ತಬಾರದು, ದಾಟಬಾರದು, ಬೇರೆಯವರು ಹಾಯಿಸಬಾರದು. ಇದು ಸಣ್ಣ ಕೂಸಿಗೂ ಗೊತ್ತಿರುವ ಸಂಗತಿ.

ಅತ್ತೆ ಆರತಿ ಬೆಳಗಿದರು. ಮಾವ ಕಾಯಿ ಒಡೆದರು. ಅಮೋಲ ಬಾಗಿಲು ತೆರೆದು, ಒಳಗಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ರೂಢಿ ಮಾಡಿಕೊಂಡ ಹಾಗೆ ಎಡಗಾಲು ಎತ್ತಿದ. ಎತ್ತಿ ಮೇಲೆ ಇಟ್ಟೂ ಇಟ್ಟ. ಇನ್ನು ಮೈ ಎಳೆದುಕೊಳ್ಳುವುದಷ್ಟೇ ಉಳಿದಿತ್ತು.

‘ಎಡಗಾಲ ಬ್ಯಾಡೋ ತಮ್ಮಾ. ಬಲಗಾಲ ಇಡು’ ಅಂದರು ಅತ್ತೆ.

ಅವರು ಯೋಚಿಸಿ ಆಡಿದ ಮಾತಲ್ಲ ಅದು. ಹೊಸ ಸೊಸೆ ಹೊಸ್ತಿಲಿಗೆ ಬಂದಾಗ, ಮೊಮ್ಮಗು ಸಾಲಿಗೆ ಹೊರಟಾಗ ಹೆಂಗಸರ ಬಾಯಿಂದ ತಾನಾಗಿ ಬೀಳುವ ಮಾತು. ಆರತಿಯ ತಟ್ಟೆ ಇನ್ನೂ ಕೈಯಲ್ಲಿತ್ತು. ಮಗನ ಬಲಗಾಲು ಸತ್ತದ್ದು ಆ ಗಳಿಗೆಯಲ್ಲಿ ಅವರಿಗೆ ಮರೆತೇಹೋಗಿತ್ತು.

ಅಮೋಲ ಅವ್ವನ ಮಾತು ಮೀರಿದ್ದರೆ ಅಂತ ನಾನು ಈಗಲೂ ಹಲ್ಲು ಕಡಿಯುತ್ತೇನೆ. ಅವನು ಎಡಗಾಲನ್ನು ತೆಗೆದು ಕೆಳಗಿಟ್ಟ. ಪ್ಯಾಂಟಿನ ಬಟ್ಟೆ ಹಿಡಿದು ಬಲಗಾಲನ್ನು ಕೈಯಿಂದಲೇ ಎತ್ತಿ ಮೇಲಿಟ್ಟ. ಬ್ಯಾಡ್ರಿ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅದರ ಮೇಲೆ ಭಾರ ಹಾಕಿಬಿಟ್ಟ. ಮೊಣಕಾಲು ಒದ್ದೆ ಬಟ್ಟೆಯಂತೆ ಮಡಚಿತು. ಹಿಡಿಕೆಯಿಂದ ಕೈ ತಪ್ಪಿತು. ಆ ಎತ್ತರದಿಂದ ಅಡ್ಡಲಾಗಿ ಬಿದ್ದ, ಎಡಗಾಲು ಮೈಯಡಿ ಸಿಕ್ಕಿತು. ಎಲುಬು ಮುರಿದ ಸಪ್ಪಳ ನಮಗೆಲ್ಲರಿಗೂ ಕೇಳಿಸಿತು.

ತೊಡೆಯ ಎಲುಬು. ಸೊಲ್ಲಾಪುರದಲ್ಲಿ ಆಪರೇಷನ್ನು ಮಾಡಿ ಸ್ಟೀಲಿನ ಸಳಿ ಹಾಕಿದರು. ಎಲುಬು ಕೂಡುತ್ತದೆ ಎಂದು ಒಬ್ಬ ಡಾಕ್ಟರು ಹೇಳಿದರು. ಇಂಥ ರೋಗದಲ್ಲಿ ಮಲಗಿಸಿದ ಕಾಲು ಮತ್ತೆ ಏಳುವುದು ಕಷ್ಟ ಎಂದು ಇನ್ನೊಬ್ಬರು ಹೇಳಿದರು. ಇಬ್ಬರ ಮಾತೂ ನಿಜವಾಯಿತು. ಎಲುಬು ಕೂಡಿತು, ಕಾಲು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಓಣಿಯ ಹೆಂಗಸರು ಬಂದು ಹೇಳಿ ಹೋದರು. ನಾನು ಅವರಿಗೆ ಚಹಾ ಕೊಡಲಿಲ್ಲ.

ಮೈಲಾರಲಿಂಗ ಬಂದು ಜೀಪಿನ ಮುಂದೆ ನಿಂತು ಮಕ್ಕಳ ಹಾಗೆ ಅತ್ತ. ಟೈರು ಬಿಚ್ಚಿ ಬಸಣ್ಣನಿಗೆ ಮರಳಿಸಲೇನು ವೈನಿ ಅಂತ ಕೇಳಿದ. ಒಳಗೆ ಮಲಗಿದ್ದ ಅಮೋಲನಿಗೆ ಕೇಳಿಸಿ, ಇರಲಿ ಅಂದ. ನಾನೇ ಹತ್ತಿಸಿ ಕೂರಿಸುತ್ತೇನೆ, ಪಕ್ಕದ ಸೀಟಿನಲ್ಲಿ ಹಿಮ ನೋಡಿ ಬರೋಣ ಅಂತ ಮೈಲಾರಲಿಂಗ ಅಂಗಲಾಚಿದ. ಅಮೋಲ ಗೋಡೆಯ ಕಡೆ ಮುಖ ತಿರುಗಿಸಿದ. ನೋಡಿ ಬರುವ ಆಸೆ ಅವನಿಗೆ ಎಂದೂ ಇರಲಿಲ್ಲ.

ಜೀಪು ಅಲ್ಲೇ ನಿಂತಿತು. ಗಾಲಿಗಳ ಮುಂದೆ ನಿಂಬೆಹಣ್ಣುಗಳು ಹಾಗೇ ಇದ್ದವು. ಎತ್ತುವ ಹಾಗಿಲ್ಲ, ಬೇರೆಯವರು ಹಾಯಿಸುವ ಹಾಗಿಲ್ಲ. ಮಾವ ದಿನಾ ಬೆಳಿಗ್ಗೆ ಅವುಗಳ ಸುತ್ತ ಬಳಸಿ ಹೋಗುತ್ತಿದ್ದರು. ಹಳದಿ ಹೋಗಿ ಕಂದಾದವು, ಕಂದು ಹೋಗಿ ಕರ್ರಗಾದವು, ಒಣಗಿ ಗಟ್ಟಿಯಾದವು. ನಾನು ಒಂದು ದಿನ ಕಸಬರಿಗೆ ತಂದು ಗುಡಿಸಿ ಹಾಕಲು ಹೋದೆ. ದೃಷ್ಟಿ, ದೇವರು, ಶಾಸ್ತ್ರ ಎಲ್ಲದರ ಮೇಲೂ ಉಗುಳುವಷ್ಟು ಸಿಟ್ಟು ನನ್ನಲ್ಲಿತ್ತು. ಆದರೂ ಕಸಬರಿಗೆ ಮುಂದೆ ಹೋಗಲಿಲ್ಲ. ಇನ್ನೇನು ಉಳಿದಿದೆ ಅಂತ ಹೆದರಿದೆನೋ ನನಗೇ ತಿಳಿಯದು.

ಅತ್ತೆಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಮಗನಿಗೆ ಉಣ್ಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ತಾವೇ ಮಾಡುತ್ತಿದ್ದರು, ಮುಖ ಮಾತ್ರ ನೋಡುತ್ತಿರಲಿಲ್ಲ. ದೇವರ ಮನೆಗೆ ಹೋಗುವುದನ್ನು ಬಿಟ್ಟರು. ದೀಪ ನಾನು ಹಚ್ಚುತ್ತಿದ್ದೆ, ಮನಸ್ಸಿಲ್ಲದೆ.

ಎಳ್ಳಮಾಸಿ ಬಂತು. ಆ ಅಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿ ಊಟ ಮಾಡುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಗಾಡಿಗಳು ಸಾಲು ಹಿಡಿಯುತ್ತವೆ. ಪ್ರತಿ ವರ್ಷ ಸಾಲಿನ ಮುಂದೆ ಅಮೋಲನ ಜೀಪು ಇರುತ್ತಿತ್ತು. ಈ ಸಲ ಮಾವ ಒಬ್ಬರೇ ಬುತ್ತಿ ಹಿಡಿದು ಭೂಮಿತಾಯಿಗೆ ಚರಗ ಚೆಲ್ಲಲು ನಡೆದು ಹೋದರು. ಅಮೋಲನನ್ನು ಎತ್ತಿ ತಂದು ಅಂಗಳದ ಬೇವಿನ ನೆರಳಲ್ಲಿ ಕುರ್ಚಿಯಲ್ಲಿ ಕೂರಿಸಿದ್ದೆ. ಜೀಪು ಎದುರಿಗಿತ್ತು. ಅವನ ಮಾತು ಆಗಲೇ ತುಸು ತೊದಲತೊಡಗಿತ್ತು.

ಓಣಿ ಬರಿದಾದ ಮೇಲೆ ಅತ್ತೆ ಹೊರಗೆ ಬಂದರು. ತಲೆ ಬಾಚಿರಲಿಲ್ಲ. ಬಂದವರೇ ಜೀಪಿನ ಬಾಗಿಲು ತೆರೆದರು. ಅದು ಅವರಿಗೆ ಎತ್ತರ, ತುದಿಗಾಲಲ್ಲಿ ನಿಂತು ತೆರೆದರು. ತೆರೆದು ಮಗನ ಕಡೆ ತಿರುಗಿ, ಅಂದಿನಿಂದ ಮೊದಲ ಸಲ ಅವನ ಮುಖ ನೋಡಿದರು.

‘ಯಾವ ಕಾಲರೆ ಇಡೋ ನನ್ನಪ್ಪಾ. ಎಡಗಾಲರೆ ಇಡು. ನಾ ಏನೂ ಅನ್ನಂಗಿಲ್ಲ.’

ಅಮೋಲ ತನ್ನ ಎಡಗಾಲನ್ನು ನೋಡಿದ. ನಾನೂ ನೋಡಿದೆ. ಆ ಕಾಲಿನ ಹೆಬ್ಬೆರಳು ಒಮ್ಮೆ ಅಲುಗಿತೋ, ಬೇವಿನ ನೆರಳು ಅಲುಗಿತೋ ತಿಳಿಯಲಿಲ್ಲ. ಅತ್ತೆ ಬಾಗಿಲು ಹಿಡಿದು ನಿಂತೇ ಇದ್ದರು. ಅವನು ಎಷ್ಟೋ ಹೊತ್ತು ಆ ಕಾಲಿಗೆ ಹೇಳಿ ನೋಡಿದನೆಂದು ಅವನ ಕುತ್ತಿಗೆಯ ನರ ಉಬ್ಬಿದ್ದರಿಂದ ಗೊತ್ತಾಯಿತು. ಆಮೇಲೆ ಕಣ್ಣು ತೆಗೆದು ಜೀಪಿನ ಕಡೆ ನೋಡಿದ.

‘ಸೋನಾಲಿ’ ಅಂದ, ಒಂದೊಂದೇ ಅಕ್ಷರ ಜೋಡಿಸುತ್ತ. ‘ಮುಂದಿನ ಟೈರಿಗೆ ಹವಾ ಕಡಿಮಿ ಆಗೇದ. ತುಂಬು.’

ನಾನು ಒಳಗೆ ಹೋಗಿ ಪಂಪು ತಂದೆ. ಒಣಗಿದ ನಿಂಬೆಹಣ್ಣಿಗೆ ಕೈ ತಾಗದ ಹಾಗೆ ಟೈರಿನ ಪಕ್ಕದಲ್ಲಿ ಕೂತು, ಹವಾ ತುಂಬತೊಡಗಿದೆ.